ಹರಿಣಿಯ ಬಲಗೈ

ಹಾಲುತುಪ್ಪ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನ ಹೊತ್ತಿಗೇ ಬಂದ. ಪಾತ್ರೆ ಹಿಡಿದೆ. ಸುರಿದು ಹೋದ. ಹಾಲನ್ನು ಒಲೆಯ ಮೇಲಿಟ್ಟು ಗುಡಿಸೋಣವೆಂದು ಮೂಲೆಗೆ ಹೋದರೆ ಅಲ್ಲಿ ಪೊರಕೆ ಇರಲಿಲ್ಲ, ಬರೀ ಕಡ್ಡಿಗಳಿದ್ದವು. ಯುಗಾದಿಗೆ ಮುಂಚೆ ಅದನ್ನು ಬಿಗಿದು ಕಟ್ಟಿದವನು ನನ್ನ ಗಂಡ ಓಂಕಾರ. ಕಡ್ಡಿಗಳನ್ನು ಒಂದು ಹಿಡಿ ಮಾಡಿಕೊಂಡು ಗುಡಿಸಿದೆ. ಕೋಣೆಯಲ್ಲಿ ಸೊಳ್ಳೆಪರದೆ ಮಂಚದ ಮೇಲೆ ಕುಸಿದಿತ್ತು. ಇಷ್ಟು ದಿನ ಅದನ್ನು ಸರಿಸದೆ ಅದರ ಮೇಲೆಯೇ ಮಲಗಿದ್ದೆನೆಂದು ಆಗ ಗೊತ್ತಾಯಿತು. ಅಕ್ಕಿಚೀಲ ಬಾಯಿ ತೆರೆದುಕೊಂಡಿತ್ತು. ಹಿತ್ತಲಲ್ಲಿ ಅವರೆಬಳ್ಳಿ ಕೋಲುಗಳಿಂದ ಕಳಚಿ ನೆಲಕ್ಕೆ ಒರಗಿತ್ತು. ಬಟ್ಟೆ ಒಣಹಾಕುವ ಹಗ್ಗ ಮಾತ್ರ ನುಗ್ಗೆಮರದಿಂದ ಗೂಟದವರೆಗೆ ಬಿಗಿಯಾಗಿಯೇ ಇತ್ತು. ಅದರ ಮೇಲೆ ನಾದಿನಿ ಒಗೆದು ಹಾಕಿ ಹೋಗಿದ್ದ ಅವನ ಅಂಗಿಗಳಿದ್ದವು. ನಾನು ಒಳಗೆ ಬಂದೆ. ಹಾಲು ಉಕ್ಕಿತ್ತು.

ಎರಡು ಬೋಳುಗುಡ್ಡಗಳ ನಡುವಿನ ಸಂದಿಯಲ್ಲಿ ಈ ಊರಿದೆ. ವರ್ಷವಿಡೀ ಗಾಳಿ. ಮಾಡಿನ ತಗಡು, ಕೋಳಿಪುಟ್ಟಿ, ಅಂಗಡಿಯ ಬೋರ್ಡು, ಎಲ್ಲವನ್ನೂ ಕಟ್ಟಿಯೇ ಇಡಬೇಕು. ಇಲ್ಲಿ ಗಂಟು ಅದನ್ನು ಕಟ್ಟಿದ ಕೈಗೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಬೇರೆಯವರು ಹಲ್ಲು ಹಾಕಿ ಎಳೆದರೂ ಸಡಿಲುವುದಿಲ್ಲ. ಕಟ್ಟಿದವರು ಸತ್ತರೆ ಅವರು ಕಟ್ಟಿದ್ದೆಲ್ಲ ತಾನಾಗಿ ಬಿಚ್ಚಿಹೋಗುತ್ತದೆ. ದೂರದ ಪ್ರಯಾಣ ಹೊರಟವರು ಮನೆಯೆಲ್ಲ ಸುತ್ತಿ ತಾವು ಕಟ್ಟಿದ್ದನ್ನು ಬಿಚ್ಚಿಟ್ಟು ಹೋಗುತ್ತಾರೆ. ಗಂಡನ ಮೇಲೆ ಸಿಟ್ಟಾದ ಹೆಂಡತಿ ಅಕ್ಕಿಚೀಲದ ಬಾಯಿ ಕಟ್ಟಿ ತವರಿಗೆ ಹೋಗುತ್ತಾಳೆ. ಮನೆಯಲ್ಲಿದ್ದ ಹಿಟ್ಟು ಮುಗಿಯುವ ಹೊತ್ತಿಗೆ ಗಂಡ ಅವಳ ತವರಿನ ಬಾಗಿಲಲ್ಲಿರುತ್ತಾನೆ. ಊರಿನವರೇ ಆದ ಆಸ್ಪತ್ರೆಯ ಡಾಕ್ಟರಿಗೆ ವರ್ಗವಾದರೆ ಹೊಲಿಗೆ ಹಾಕಿಸಿಕೊಂಡವರೆಲ್ಲ ಬಸ್ಸಿಗೆ ಅಡ್ಡ ನಿಲ್ಲುತ್ತಾರೆ. ಕತ್ತರಿ ಎಲ್ಲರ ಮನೆಯಲ್ಲೂ ಇದೆ. ಆದರೆ ಬದುಕಿರುವವರ ಗಂಟನ್ನಾಗಲಿ, ಆ ಗಂಟು ಹಿಡಿದಿಟ್ಟ ಬಟ್ಟೆಯನ್ನಾಗಲಿ ಯಾರೂ ಕತ್ತರಿಸುವುದಿಲ್ಲ. ಕತ್ತರಿಸಿದರೆ ಕಟ್ಟಿದ ಕೈಯ ಬಲ ಹೋಗುತ್ತದೆ. ಕಾಳಿನ ವ್ಯಾಪಾರಿಯೊಬ್ಬ ಅವಸರಕ್ಕೆ ತನ್ನ ತಮ್ಮ ಕಟ್ಟಿದ ಮೂಟೆಗೆ ಕತ್ತರಿ ಹಾಕಿದ್ದನಂತೆ. ಆ ತಮ್ಮ ಈಗಲೂ ಸಂತೆಯಲ್ಲಿ ಸಿಗುತ್ತಾನೆ. ಚಹಾವನ್ನು ಎಡಗೈಯಲ್ಲಿ ಕುಡಿಯುತ್ತಾನೆ.

ನಾನು ಹೊರಗಿನವಳು. ಓಂಕಾರ ಮದುವೆಯಾಗಿ ಇಲ್ಲಿಗೆ ಕರೆತಂದ. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದ್ದೆ. ನಮ್ಮ ಗಣಿತದ ಗಂಟಿಗೆ ತುದಿಗಳೇ ಇರುವುದಿಲ್ಲ, ಎರಡು ತುದಿಗಳನ್ನೂ ಕೂಡಿಸಿಬಿಟ್ಟಿರುತ್ತಾರೆ ಎಂದು ಮೊದಲ ಭೇಟಿಯಲ್ಲೇ ಅವನಿಗೆ ಹೇಳಿದ್ದೆ. "ಹಂಗಾದ್ರೆ ಅದನ್ನ ಬಿಚ್ಚೋರು ಯಾರು?" ಎಂದು ಕೇಳಿದ್ದ. ಯಾರೂ ಬಿಚ್ಚುವುದಿಲ್ಲ, ಬರೀ ನೋಡುತ್ತಾರೆ ಎಂದೆ. ತುಂಬ ಹೊತ್ತು ನಕ್ಕಿದ್ದ. ಹೊರಗಿನವರು ಕಟ್ಟಿದ ಗಂಟನ್ನು ಈ ಊರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದನ್ನು ಯಾರು ಬೇಕಾದರೂ ಬಿಚ್ಚಬಹುದು. "ಮೇಡಮ್ಮಾರು ಕಟ್ಟಿದ್ದನ್ನ ಮೇಕೆನೂ ಬಿಚ್ತೈತೆ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಎಷ್ಟು ವರ್ಷವಿದ್ದರೆ ಊರಿನವರಾಗುತ್ತೇವೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಕಟ್ಟುವುದೂ ಬಿಚ್ಚುವುದೂ ಓಂಕಾರನ ಪಾಲು. ನಾನು ಕರೆಯುತ್ತಿದ್ದೆ, ಅವನು ಬರುತ್ತಿದ್ದ.

ಆ ಮಧ್ಯಾಹ್ನ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ ಒಂದು ಸಮೀಕರಣದ ಅರ್ಧ ಬರೆದಿದ್ದೆ. ಕೊರಳಲ್ಲಿ ಏನೋ ಜಾರಿತು. ತಾಳಿ ವೇದಿಕೆಯ ಮೇಲೆ ಬಿತ್ತು. ದಾರ ಸವೆದಿರಬೇಕೆಂದು ಬಗ್ಗಿ ಎತ್ತಿಕೊಂಡು ನೋಡಿದೆ. ಸವೆದಿರಲಿಲ್ಲ. ತಲೆಯೆತ್ತಿದಾಗ ತರಗತಿಯೆಲ್ಲ ಎದ್ದು ನಿಂತಿತ್ತು. ಮೊದಲ ಬೆಂಚಿನ ಹುಡುಗಿಯೊಬ್ಬಳು ಅಳುತ್ತಿದ್ದಳು. "ಯಾಕೆ, ಏನಾಯ್ತು?" ಎಂದು ನಾನು ಅವಳನ್ನು ಕೇಳಿದೆ.

ಊಟಕ್ಕೆಂದು ಮನೆಗೆ ಬರುವ ದಾರಿಯಲ್ಲಿ ಅವನ ಹೃದಯ ನಿಂತಿತ್ತು. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ.

ಓಂಕಾರ ಮಕ್ಕಳ ಕೈಗಳಿಗೆ ಪಾಠ ಹೇಳುತ್ತಿದ್ದ. ಓದಿನ ಪ್ರಕಾರ ಅವನು ಥೆರಪಿಸ್ಟ್. ಹಳೆಯ ಛತ್ರದ ಮಹಡಿಯಲ್ಲಿದ್ದ ಅವನ ಕೊಠಡಿಯನ್ನು ಊರಿನವರು ಕೈಶಾಲೆ ಎನ್ನುತ್ತಿದ್ದರು. ಹುಟ್ಟುವ ಹೊತ್ತಿಗೆ ಮೆದುಳಿಗೆ ಪೆಟ್ಟಾಗಿ ಒಂದು ಬದಿಯ ಕೈ ಬಿಗಿದುಕೊಂಡ ಮಕ್ಕಳು, ದೊಡ್ಡಾಸ್ಪತ್ರೆಯವರು ಸೆರೆಬ್ರಲ್ ಪಾಲ್ಸಿ ಎಂದು ಹೇಳಿ ಕಳಿಸಿದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಅಂಥ ಮಗು ಎಲ್ಲವನ್ನೂ ಒಳ್ಳೆಯ ಕೈಯಿಂದಲೇ ಮಾಡಿಕೊಂಡು ಇನ್ನೊಂದನ್ನು ಮರೆತುಬಿಡುತ್ತದೆ. "ಆ ಕೈ ಸತ್ತಿಲ್ಲ, ಅದನ್ನ ಯಾರೂ ಕರೀತಿಲ್ಲ ಅಷ್ಟೆ" ಎನ್ನುತ್ತಿದ್ದ. ಅದಕ್ಕೆ ಒಳ್ಳೆಯ ಕೈಗೆ ಬಟ್ಟೆಯ ಚೀಲ ತೊಡಿಸಿ ಮಣಿಕಟ್ಟಿನಲ್ಲಿ ಲಾಡಿ ಕಟ್ಟಿಬಿಡುತ್ತಿದ್ದ. ಆಮೇಲೆ ದಿನವಿಡೀ, ವಾರಗಟ್ಟಲೆ, ಸೋತ ಕೈಗೇ ಕೆಲಸ. ಅವರೆಕಾಯಿ ಸುಲಿಯುವುದು, ಬಾಳೆಹಣ್ಣಿನ ಸಿಪ್ಪೆ ಎಳೆಯುವುದು, ಮಂಡಕ್ಕಿಯನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುವುದು, ಒದ್ದೆ ಬಟ್ಟೆ ಹಿಂಡುವುದು. ಇವತ್ತಿನ ಕೆಲಸ ನಿನ್ನೆಯದಕ್ಕಿಂತ ಒಂದು ಕೂದಲೆಳೆಯಷ್ಟು ಕಷ್ಟವಿರಬೇಕು, ಅಷ್ಟೇ ಇರಬೇಕು. ಅಂಗೈಯೊಳಗೆ ಮಡಚಿಕೊಂಡ ಹೆಬ್ಬೆರಳಿಗೆ ಅವನು ಗೌಡರು ಎಂದು ಹೆಸರಿಟ್ಟಿದ್ದ. ಗೌಡರು ನಾಲ್ವರು ಸೊಸೆಯರ ಸೆರಗಿನಡಿ ಮಲಗಿದ್ದಾರೆ, ಕರೆಯದೆ ಬರುವವರಲ್ಲ. "ಗೌಡ್ರೇ, ಕಾಫಿ ಆರ್ತಾ ಐತೆ, ಹೊರಗ್ ಬರ್ರೀ!" ಎಂದು ಅವನು ಕೂಗಿದರೆ ಬೀದಿಗೆ ಕೇಳುತ್ತಿತ್ತು.

ಬೆಳಿಗ್ಗೆ ಲಾಡಿ ಕಟ್ಟುವ ಮೊದಲು ಮಗುವಿನೆದುರು ಮಂಡಿಯೂರಿ ಕೂರುತ್ತಿದ್ದ. "ನಿನ್ನ ಒಳ್ಳೇ ಕೈನ ನನಗೆ ಸಾಲ ಕೊಡ್ತೀಯಾ? ಸಂಜೆಗೆ ವಾಪಸ್." ಮಗು ಹೂಂ ಎನ್ನುವ ತನಕ ಕಟ್ಟುತ್ತಿರಲಿಲ್ಲ. ಕಟ್ಟುವಾಗ ಮಗುವಿನ ಸೋತ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಕಟ್ಟುತ್ತಿದ್ದ. ಸಂಜೆ ಬಿಚ್ಚುವಾಗಲೂ ಹಾಗೆಯೇ. ಮಗುವಿಗೆ ಧೈರ್ಯ ಬರಲೆಂದು ಹಾಗೆ ಮಾಡುತ್ತಾನೆ ಎಂದುಕೊಂಡಿದ್ದೆ. ಕೇಳಲಿಲ್ಲ.

ಗಾಳಿ ಜೋರಾಗುವ ತಿಂಗಳಲ್ಲಿ ಹಳ್ಳಿಗಳ ಮಕ್ಕಳು ಬರುವುದಿಲ್ಲ. ಈ ಸಲ ಕೈಶಾಲೆಯಲ್ಲಿ ಹಿಟ್ಟಿನ ಗಿರಣಿಯ ಶಾಂತಲಳ ಮಗಳು ಹರಿಣಿ ಒಬ್ಬಳೇ ಇದ್ದಳು. ಆರು ವರ್ಷದ ಹುಡುಗಿ. ಎಡಗೈ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡಿರುತ್ತಿತ್ತು. ಬಲಗೈಗೆ ಚೀಲ ಕಟ್ಟಿದ ಮೊದಲ ದಿನ ಅವಳ ಅಜ್ಜಿ ಕೊಟ್ರಮ್ಮ ಛತ್ರದ ಮೆಟ್ಟಿಲು ಹತ್ತಿ ಬಂದು ಜಗಳವಾಡಿದ್ದಳು. ಹೆಣ್ಣುಮಗು ಎಡಗೈಯಲ್ಲಿ ಅನ್ನ ತಿನ್ನುವುದನ್ನು ದೇವರು ನೋಡಬೇಕೇ ಎಂಬುದು ಅಜ್ಜಿಯ ವಾದ. "ದೇವ್ರೇ ಎರಡು ಕೈ ಸಾಲದೆ ನಾಕಿಟ್ಕಂಡವ್ನೆ ಕಣಜ್ಜಿ, ಯಾವುದ್ರಲ್ಲಿ ತಿಂತಾನೋ ಕೇಳ್ಕಂಡು ಬಾ" ಎಂದು ಓಂಕಾರ ಹೇಳಿದ್ದ. ಕೊಟ್ರಮ್ಮ ನಗು ತಡೆದುಕೊಂಡು ಹೋಗಿದ್ದಳು. ಶಾಂತಲಳಿಗೆ ಮಾತ್ರ ಅವನು ನಿಜ ಹೇಳಿದ್ದ. ಎಡಗೈ ಎಂದಿಗೂ ಬಲಗೈ ಆಗುವುದಿಲ್ಲ, ಬಲಗೈಗೆ ಜೊತೆಯಾಗುತ್ತದೆ. ಲೋಟ ತೊಳೆಯುವಾಗ ಹಿಡಿದುಕೊಳ್ಳುತ್ತದೆ, ಜಡೆ ಹಾಕುವಾಗ ರಿಬ್ಬನ್ನಿನ ಒಂದು ತುದಿಗೆ ಬರುತ್ತದೆ. ಇದನ್ನೆಲ್ಲ ಅವನು ರಾತ್ರಿ ಊಟದ ಹೊತ್ತಿನಲ್ಲಿ ನನಗೆ ಹೇಳುತ್ತಿದ್ದ. ನಾನು ಕೇಳುತ್ತಲೂ ಇದ್ದೆ, ಬೇರೆ ಏನನ್ನೋ ಯೋಚಿಸುತ್ತಲೂ ಇದ್ದೆ.

ಹಾಲು ಉಕ್ಕಿದ್ದನ್ನು ಒರೆಸುತ್ತಿದ್ದಾಗ ಅವರು ಮೂವರೂ ಬಂದರು. ಮುಂದೆ ಕೊಟ್ರಮ್ಮ, ಹಿಂದೆ ಮಗಳ ಹೆಗಲು ಹಿಡಿದ ಶಾಂತಲ. ಹರಿಣಿಯ ಬಲಗೈಯಲ್ಲಿ ನೀಲಿ ಬಟ್ಟೆಯ ಚೀಲ ಹಾಗೆಯೇ ಇತ್ತು.

"ತಾಯಿ, ಈ ಹೊತ್ನಾಗೆ ಬರಬಾರ್ದು. ಏನ್ ಮಾಡ್ಲಿ?" ಎಂದು ಕೊಟ್ರಮ್ಮ ಹೊಸ್ತಿಲ ಹೊರಗೇ ಕುಳಿತಳು. "ನಿನ್ ಗಂಡ ಊರಾಗೆ ಕಟ್ಟಿದ್ದೆಲ್ಲ ಬಿಚ್ಕಂಡು ಬಿದ್ದೈತೆ. ಶಾಲೆ ಗಂಟೆ ಬಿತ್ತು, ಬೆಲ್ಲದಂಗಡಿ ತಾಡಪಾಲು ಹಾರೋತು. ಇದೊಂದು ಯಾಕ್ ಬಿಚ್ಕಂಡಿಲ್ಲ?"

ನಾನು ಲಾಡಿಯನ್ನು ನೋಡಿದೆ. ಮಣಿಕಟ್ಟಿನ ಒಳಬದಿಯಲ್ಲಿ ಒಂದು ಸರಳ ಗಂಟು, ಒಂದು ಉದ್ದನೆಯ ತುದಿ.

"ಒಳಗೆ ಕೈ ಬೆವೆತು ಗುಳ್ಳೆ ಎದ್ದೈತೆ ಅಕ್ಕಾ" ಎಂದಳು ಶಾಂತಲ. "ರಾತ್ರಿಯೆಲ್ಲ ಕೆರೀತೈತೆ ಅಂತ ಅಳ್ತಾಳೆ. ಆದ್ರೆ ನಿನ್ನೆ ಎಡಗೈಲಿ ರೊಟ್ಟಿ ಮುರುದ್ಲು. ತಾನಾಗೇ. ಇನ್ನೆರಡು ದಿನ ನೋಡಾನ ಅಂತೀನಿ, ಅತ್ತೆ ಕೇಳ್ತಾ ಇಲ್ಲ."

"ರೊಟ್ಟಿ ಮುರುದ್ಲಂತೆ! ಬಲಗೈ ಕೊಳೆತು ಹೋದ್ಮ್ಯಾಗೆ ಆ ರೊಟ್ಟಿ ಇಟ್ಕಂಡು ಏನ್ ಮಾಡ್ತೀಯೇ?" ಕೊಟ್ರಮ್ಮ ಸೊಸೆಯ ಮೇಲೆ ರೇಗಿ, ಮತ್ತೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಜನ ಏನಂತಾವ್ರೆ ಗೊತ್ತಾ? ಓಂಕಾರಣ್ಣನ ಜೀವ ಆ ಗಂಟ್ನಾಗೆ ಸಿಕ್ಕಂಡೈತಂತೆ. ಕೆಲಸ ಅರ್ಧಕ್ಕೆ ನಿಂತಿತಲ್ಲ, ಅದ್ಕೆ ಹೋಗವಲ್ದಂತೆ. ಕತ್ತರಿ ಹಾಕಿದ್ರೆ ಮಗೀಗೂ ಬಿಡುಗಡೆ, ಅವ್ನಿಗೂ ಬಿಡುಗಡೆ. ಸತ್ತೋರ ಕೈಗೆ ಇನ್ನೇನಾಗ್ತೈತೆ? ಆದ್ರೂ ನೀನು ಹೂಂ ಅನ್ಬೇಕು. ನಿನ್ ಮನೆ ಗಂಟು."

"ಮಾಮ ನನ್ ಕೈ ಯಾವಾಗ ಕೊಡ್ತಾರೆ?" ಎಂದು ಹರಿಣಿ ಕೇಳಿದಳು.

ಅವನಿಗೆ ಬಿಡುಗಡೆ ಎಂಬ ಮಾತು ನನ್ನೊಳಗೆ ಎಲ್ಲಿಯೂ ತಾಗದೆ ಹಾದುಹೋಯಿತು. ಅವರು ಬೇಗ ಹೋದರೆ ಸಾಕೆನಿಸಿತ್ತು.

"ಕತ್ತರಿಸಿ" ಎಂದೆ.

ಕೊಟ್ರಮ್ಮ ಎದ್ದಳು. "ರಾಹುಕಾಲ ಕಳೀಲಿ, ಮನೆದೇವ್ರ ಮುಂದೆ ಕೂರಿಸಿ ಮಾಡ್ತೀವಿ" ಎಂದಳು. ಶಾಂತಲ ನನ್ನನ್ನೇ ನೋಡುತ್ತಿದ್ದಳು. ನಾನು ಬೇರೆ ಏನಾದರೂ ಹೇಳುತ್ತೇನೆಂದು ಕಾದಂತಿತ್ತು. ಆಮೇಲೆ ಮಗಳನ್ನು ಕರೆದುಕೊಂಡು ಹೋದಳು.

ಅಂಗಿಗಳನ್ನು ತೆಗೆಯಲು ಹಿತ್ತಲಿಗೆ ಹೋದೆ. ತೆಗೆದು ಹೆಗಲ ಮೇಲೆ ಹಾಕಿಕೊಂಡ ಮೇಲೆ ಬರೀ ಹಗ್ಗ ಉಳಿಯಿತು. ಗಾಳಿಗೆ ಅದು ಸಣ್ಣಗೆ ಗುಂಯ್ಗುಡುತ್ತಿತ್ತು. ಬೆಳಿಗ್ಗೆಯೂ ನೋಡಿದ್ದೆ. ಬಳ್ಳಿ ಬಿದ್ದಿತ್ತು, ಚೀಲ ಬಿಚ್ಚಿತ್ತು, ಹಗ್ಗ ಬಿಗಿಯಾಗಿತ್ತು. ಮೂರನ್ನೂ ಒಟ್ಟಿಗೆ ನೋಡಿಯೂ ನನಗೆ ಏನೂ ಅನಿಸಿರಲಿಲ್ಲ. ವಿದ್ಯಾರ್ಥಿಯೊಬ್ಬ ಉತ್ತರಪತ್ರಿಕೆಯಲ್ಲಿ ಹೀಗೆ ಮಾಡಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಈ ಮನೆಗೆ ಬಂದ ಹೊಸದರಲ್ಲಿ ಆ ಹಗ್ಗ ಕಟ್ಟಿದ್ದು. ಓಂಕಾರ ನನ್ನನ್ನು ಕರೆದು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಕಟ್ಟಿದ್ದ. ಮರಕ್ಕೊಂದು, ಗೂಟಕ್ಕೊಂದು. "ನನ್ನ ಗಂಟಿಗೆ ಇಲ್ಲಿ ಬೆಲೆಯಿಲ್ಲವಲ್ಲ" ಎಂದಿದ್ದೆ. "ಬರ್ತೈತೆ ಬಿಡು" ಎಂದಿದ್ದ. ಕಳೆದ ದೀಪಾವಳಿಗೆ ಗೋಡೆಗೆ ಸುಣ್ಣ ಹೊಡೆಯುವಾಗ ಹಗ್ಗ ಅಡ್ಡವಾಯಿತು. ನಾನು ಒಳಗೆ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಕಿಟಕಿಯಲ್ಲಿ ಮುಖ ತೋರಿಸಿ, "ವಸುಧಾ, ಬಾ, ಈ ಹಗ್ಗ ಬಿಚ್ಚು ಬಾ" ಎಂದು ಕರೆದ. "ನೀನೇ ಬಿಚ್ಚು, ನನಗೆ ಕೆಲಸವಿದೆ" ಎಂದೆ. ಮತ್ತೆ ಕರೆದ. ದನಿಯಲ್ಲಿ ಒಂದು ಸಂಭ್ರಮವಿತ್ತು. ಸುಣ್ಣ ಹೊಡೆಯುವ ಸಂಭ್ರಮವೆಂದುಕೊಂಡೆ. ಆಮೇಲೆ ಹೋಗಿ ನೋಡಿದರೆ ಗೂಟವನ್ನೇ ಕಿತ್ತು, ಹಗ್ಗದ ಸಮೇತ ಮರಕ್ಕೆ ಒರಗಿಸಿದ್ದ. ಒಂದು ಗಂಟು ಬಿಚ್ಚಲು ಬೇಸರಪಟ್ಟು ಗೂಟ ಕಿತ್ತ ಸೋಮಾರಿ ಎಂದು ಬಂದವರ ಮುಂದೆಲ್ಲ ಹೇಳಿ ನಕ್ಕೆ. ಅವನೂ ನಗುತ್ತಿದ್ದ. ಬಿಡಿಸಿ ಹೇಳಲಿಲ್ಲ. ಇವತ್ತಲ್ಲ ನಾಳೆ ನಾನಾಗಿ ಕೈ ಹಾಕುತ್ತೇನೆಂದು ಕಾದಿದ್ದನೇನೋ.

ಮರದ ಬಳಿ ಹೋಗಿ ಗಂಟನ್ನು ಮುಟ್ಟಿದೆ. ಮಳೆಬಿಸಿಲಿಗೆ ಕಲ್ಲಿನಂತಾಗಿತ್ತು. ಎರಡು ಬೆರಳಲ್ಲಿ ಎಳೆದೆ. ಬಿಚ್ಚಿಕೊಂಡಿತು. ಹಗ್ಗ ನನ್ನ ಕೈಗೆ ಬಂತು.

ಈ ಊರು ನನ್ನನ್ನು ಯಾವಾಗ ತನ್ನವಳೆಂದುಕೊಂಡಿತೋ ನನಗೆ ಗೊತ್ತಿಲ್ಲ. ಅವನಿಗೆ ಗೊತ್ತಿತ್ತು. ಗಂಟು ತನ್ನ ಕೈಗೆ ಸಡಿಲದೆ ಹೋದಾಗ ಕಿಟಕಿಯಲ್ಲಿ ನಿಂತು ನನ್ನನ್ನು ಕರೆದಿದ್ದ. ಅಲ್ಲಿಯೇ ನೆಲದ ಮೇಲೆ ಕುಳಿತುಬಿಡಬೇಕೆನಿಸಿತು. ಆದರೆ ಕೈಯೊಳಗೆ ಕೈಯಿಟ್ಟು ಕಟ್ಟಿದ ಗಂಟು ಒಳಗಿನ ಕೈಯದು ಎಂಬ ಯೋಚನೆ ಅಷ್ಟಕ್ಕೇ ನಿಲ್ಲಲಿಲ್ಲ. ನೀಲಿ ಚೀಲದ ಲಾಡಿಯೂ ಬಿಚ್ಚಿಕೊಂಡಿಲ್ಲ. ಕಟ್ಟಿದ ಕೈ ಬದುಕಿದೆ. ಅದು ಆರು ವರ್ಷದ ಕೈ, ನಿನ್ನೆ ಮೊದಲ ಸಲ ರೊಟ್ಟಿ ಮುರಿದಿದೆ. ಅದರ ಗಂಟಿಗೆ ಕತ್ತರಿ ಹಾಕಲು ನಾನು ಒಪ್ಪಿಗೆ ಕೊಟ್ಟು ಕಳಿಸಿದ್ದೆ.

ಸೂತಕದ ಹನ್ನೊಂದು ದಿನ ಕಳೆಯದೆ ನಾನು ಬೀದಿಗಿಳಿಯಬಾರದು. ಇಳಿದೆ. ಬೆಲ್ಲದಂಗಡಿಯ ಮುಂದಿದ್ದವರು ಮಾತು ನಿಲ್ಲಿಸಿದರು. ಯಾರೋ ಹೆಂಗಸು ತನ್ನ ಮಗುವನ್ನು ಒಳಗೆಳೆದುಕೊಂಡಳು. ಗಾಳಿ ಎದುರಿನಿಂದ ಬೀಸುತ್ತಿತ್ತು, ಹೆಗಲ ಮೇಲೆ ಅವನ ಅಂಗಿಗಳು ಇದ್ದೇ ಇದ್ದವು. ಗಿರಣಿಯ ಸದ್ದು ಕೇಳಿಸುತ್ತದೇನೋ ಎಂದು ಕಿವಿಗೊಟ್ಟು ನಡೆದೆ. ಕೇಳಿಸಲಿಲ್ಲ. ಗಿರಣಿ ನಿಲ್ಲಿಸಿದ್ದಾರೆಂದರೆ ದೇವರ ಮುಂದೆ ಕುಳಿತಿದ್ದಾರೆಂದು ಅರ್ಥ. ಓಡಿದೆ.

ಗಿರಣಿಯ ಹಿಂದಿನ ಪಡಸಾಲೆಯಲ್ಲಿ ದೀಪ ಹಚ್ಚಿದ್ದರು. ಹರಿಣಿಯ ಬಲಗೈ ಅಜ್ಜಿಯ ತೊಡೆಯ ಮೇಲಿತ್ತು. ಕತ್ತರಿಯ ಬಾಯಿ ತೆರೆದಿತ್ತು.

"ಅಜ್ಜಿ, ಬೇಡ."

"ಅಯ್ಯೋ ಶಿವನೇ! ಹೊಸಲು ದಾಟಿ ಬಂದ್ಯಾ?" ಕೊಟ್ರಮ್ಮನ ಕೈ ನಿಂತಿತು.

"ಗಂಟು ಅವರದ್ದಲ್ಲ."

"ಮತ್ಯಾರ್ದು? ನಂದಾ?"

"ಹರಿಣಿದು. ಅವಳ ಎಡಗೈದು."

ಕೊಟ್ರಮ್ಮ ನನ್ನನ್ನು ಕರುಣೆಯಿಂದ ನೋಡಿದಳು. "ಸಂಕಟಕ್ಕೆ ತಲೆ ಕೆಟ್ಟೈತೆ" ಎಂದು ಸೊಸೆಗೆ ಹೇಳಿ, ನನಗೆ, "ಆ ಕೈಲಿ ಅವ್ಳು ಮೂಗು ಒರೆಸ್ಕಳಾಕಾಗಲ್ಲ, ಗಂಟು ಕಟ್ತಾಳಾ ತಾಯಿ?" ಎಂದಳು. ನಾನು ಹಗ್ಗದ ವಿಷಯ ಹೇಳಿದೆ. ನನ್ನ ಕೈಗೆ ಬಿಚ್ಚಿಕೊಂಡದ್ದನ್ನು ಹೇಳಿದೆ. ಕೊಟ್ರಮ್ಮನ ಮುಖ ಬದಲಾಗಲಿಲ್ಲ. ಬದಲಾದದ್ದು ಶಾಂತಲಳದು. "ಹೌದತ್ತೆ" ಎಂದಳು ಮೆಲ್ಲಗೆ. "ಸಂಜೆ ಕರ್ಕಂಡ್ ಬರಾಕೆ ಹೋದಾಗ ನಾನೇ ನೋಡೀನಿ. ಕೈ ಮ್ಯಾಲೆ ಕೈ ಇಟ್ಕಂಡೇ ಬಿಚ್ತಿದ್ರು. ಒಂದಿನ ಇವ್ಳು ಸುಸ್ತಾಗೈತೆ ಅಂತ ಕೈ ಕೊಡ್ಲಿಲ್ಲ. ಅವ್ರು ಬಿಚ್ದೇ ಕಾಯ್ತಾ ಕೂತಿದ್ರು. ತಮಾಸೆ ಮಾಡ್ತಾವ್ರೆ ಅನ್ಕಂಡೆ."

ಸಂತೆಯಲ್ಲಿ ಎಡಗೈಯಿಂದ ಚಹಾ ಕುಡಿಯುವವನು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದವನೇ. ಯಾರೂ ಅವನ ಹೆಸರೆತ್ತಲಿಲ್ಲ. ಕೊಟ್ರಮ್ಮ ಕತ್ತರಿಯನ್ನು ಮುಚ್ಚಿ ತನ್ನ ತೊಡೆಯಡಿಗೆ ಸರಿಸಿದಳು. "ಸರಿ, ಅವಳ್ದೇ ಅಂತ ಇಟ್ಕ. ಬಿಚ್ಚಾಕೆ ಆಗ್ಬೇಕಲ್ಲ?" ಎಂದಳು.

ಅದು ನನಗೂ ಗೊತ್ತಿರಲಿಲ್ಲ. ಪ್ರತಿ ಸಂಜೆ ಅವನ ಕೈ ಎಷ್ಟು ಮಾಡುತ್ತಿತ್ತು, ಅವಳದೆಷ್ಟು ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ.

ಅವನಂತೆ ಮಂಡಿಯೂರಿ ಹರಿಣಿಯ ಎಡಗೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡೆ. ಅದು ಕೂಡಲೇ ಮುಷ್ಟಿಯಾಗಿ ಬಿಗಿಯಿತು, ಮಣಿಕಟ್ಟು ಒಳಕ್ಕೆ ಬಾಗಿತು. "ನಿನ್ ಕೈ ತಣ್ಣಗೈತೆ" ಎಂದು ಎಳೆದುಕೊಂಡಳು. "ಮಾಮಂದು ಬೆಚ್ಚಗಿರ್ತಿತ್ತು." ಇನ್ನೊಮ್ಮೆ ಮುಟ್ಟಿದೆ. ಇನ್ನಷ್ಟು ಬಿಗಿಯಿತು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

"ನೀನೇ ಮಾಡು" ಎಂದೆ. "ನಾನು ಇಲ್ಲೇ ಕೂತಿರ್ತೀನಿ."

"ಗೌಡ್ರು ಮಲಗವ್ರೆ. ಮಾಮನಂಗೆ ಕರಿ."

ಬಾಯಿ ತೆರೆದೆ. ತುಂಬಿದ ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಮಾತಾಡಿ ಅಭ್ಯಾಸವಿರುವವಳು ನಾನು. ದನಿ ಹೊರಡಲಿಲ್ಲ. ಕೊಟ್ರಮ್ಮನಿಗೆ ತಡೆಯದಾಯಿತು. "ಏಯ್ ಗೌಡ! ನಿನ್ ಮನೆ ಕಾಯೋಗ! ಹೊತ್ತೇರೈತೆ, ಎದ್ದೇಳೋ ಮ್ಯಾಕೆ!" ಎಂದು ಮೊಮ್ಮಗಳ ಮುಷ್ಟಿಯನ್ನು ಗದರಿದಳು.

ಹರಿಣಿ ಕಿಲಕಿಲ ನಕ್ಕಳು. "ಹಂಗಲ್ಲಜ್ಜಿ! ಗೌಡ್ರಿಗೆ ಮರ್ಯಾದೆ ಕೊಡ್ಬೇಕು."

"ಎದ್ದೇಳ್ರಪ್ಪಾ ಗೌಡ್ರೇ, ತಮ್ ಕಾಲಿಗೆ ಬೀಳ್ತೀನಿ" ಎಂದಳು ಕೊಟ್ರಮ್ಮ.

"ಕಾಫಿ ಅನ್ಬೇಕು."

"ಗೌಡ್ರೇ" ಎಂದೆ ನಾನು. "ಗೌಡ್ರೇ, ಕಾಫಿ ಆರ್ತಾ ಐತೆ. ಹೊರಗ್ ಬರ್ರೀ." ಎರಡನೆಯ ಸಲ ಕೂಗಿದಾಗ ಅದು ನನ್ನ ದನಿಯಾಗಿರಲಿಲ್ಲ. ಬರ್ರೀ ಎಂಬುದನ್ನು ಅವನು ಎಳೆಯುತ್ತಿದ್ದಂತೆಯೇ ಎಳೆದಿದ್ದೆ. ಶಾಂತಲ ಸೆರಗನ್ನು ಬಾಯಿಗಿಟ್ಟುಕೊಂಡಳು.

ಹರಿಣಿ ಗಂಭೀರವಾದಳು. ಮುಷ್ಟಿಯನ್ನೇ ನೋಡುತ್ತ ಕುಳಿತಳು. ತೋಳು ಮೊದಲು ಎದೆಯಿಂದ ಬೇರೆಯಾಯಿತು. ಕೈ ಗಾಳಿಯಲ್ಲಿ ಅಡ್ಡಾದಿಡ್ಡಿ ಅಲೆದು ಲಾಡಿಯ ಪಕ್ಕ ಬಂದು ಬಿತ್ತು. ಹೆಬ್ಬೆರಳು ಉಗುರಿನಷ್ಟು ಹೊರಬಂದು ಒಳಗೆ ಹೋಯಿತು. ಮತ್ತೆ ಬಂತು. ಲಾಡಿಯ ತುದಿ ಎರಡು ಬೆರಳ ನಡುವೆ ಸಿಕ್ಕಿ, ಬೆವರಿಗೆ ಜಾರಿತು. ಅವಳು ಬಾಯಿ ಹಾಕಲು ಬಗ್ಗಿದಳು. "ಹಲ್ಲಿಗೆ ಇವತ್ತು ರಜ" ಎಂದೆ. ಅವನು ಹಾಗೆ ಹೇಳುತ್ತಿದ್ದದ್ದು ಹೇಳಿದ ಮೇಲೆ ನೆನಪಾಯಿತು. ಶಾಂತಲ ಎದ್ದು ಹೋಗಿ ಗಿರಣಿಯಿಂದ ಒಂದು ಚಿಟಿಕೆ ಜೋಳದ ಹಿಟ್ಟು ತಂದು ಮಗಳ ಬೆರಳುಗಳಿಗೆ ಹಚ್ಚಿದಳು. ಹರಿಣಿ ಮತ್ತೆ ಹಿಡಿದಳು, ಮತ್ತೆ ಜಾರಿತು. ಒಮ್ಮೆ ಅತ್ತಳು. ಕೊಟ್ರಮ್ಮನ ಎರಡೂ ಕೈಗಳು ತಾವಾಗಿ ಮುಂದೆ ಬಂದವು. ನಾನು ಅವುಗಳನ್ನು ಹಿಡಿದುಕೊಂಡೆ.

ಹಿಟ್ಟು ಬೀಸಿಸಲು ಬಂದವರು ಪುಟ್ಟಿಗಳನ್ನಿಳಿಸಿ ಬಾಗಿಲಲ್ಲಿ ನಿಂತರು. ಆಮೇಲೆ ಕುಳಿತರು. ಯಾರೂ ಗಿರಣಿ ಯಾಕೆ ನಿಂತಿದೆ ಎಂದು ಕೇಳಲಿಲ್ಲ. ದೀಪದ ಎಣ್ಣೆ ತೀರಿ ಬತ್ತಿ ಹೊಗೆಯಾಡಿತು. ನಾನು ಗೌಡರನ್ನು ಕರೆಯುತ್ತಲೇ ಇದ್ದೆ. ಕಾಫಿ ಆರಿತು, ಉಪ್ಪಿಟ್ಟು ಆರಿತು, ತಹಸೀಲ್ದಾರರು ಬಂದು ಕಾದು ಕುಳಿತರು. ಅವನು ಯಾವ ದಿನ ಯಾವುದನ್ನು ಹೇಳುತ್ತಿದ್ದನೋ ನನಗೆ ತಿಳಿಯದು. ನಾನೇ ಕಟ್ಟಿ ಹೇಳಿದೆ. ಹರಿಣಿ ಲಾಡಿಯ ತುದಿಯನ್ನು ಹಿಡಿದಳು. ಈ ಸಲ ಎಳೆಯಲಿಲ್ಲ. ಹಿಡಿದುಕೊಂಡು, ತನ್ನ ಇಡೀ ಮೈಯನ್ನು ಹಿಂದಕ್ಕೆ ವಾಲಿಸಿದಳು.

ಸದ್ದೇನೂ ಆಗಲಿಲ್ಲ. ಲಾಡಿ ಸಡಿಲಿ ಅವಳ ಲಂಗದ ಮೇಲೆ ಬಿತ್ತು.

ಬಾಗಿಲಲ್ಲಿದ್ದವರು ಒಮ್ಮೆಲೇ ಉಸಿರು ಬಿಟ್ಟರು. ನಾನು ಚೀಲವನ್ನು ಮೆಲ್ಲಗೆ ಎಳೆದು ತೆಗೆದೆ. ಬಲಗೈ ನೀರಲ್ಲಿ ನೆನೆದಂತೆ ಬಿಳಿಚಿಕೊಂಡು, ಸುಕ್ಕಾಗಿ, ಕೆಂಪು ಗುಳ್ಳೆಗಳಿಂದ ತುಂಬಿತ್ತು. ಕೊಟ್ರಮ್ಮ ಕೊಬ್ಬರಿಎಣ್ಣೆ ತರಲು ಎದ್ದಳು. ಎದ್ದವಳು ಅಲ್ಲಿಯೇ ನಿಂತಳು. ಹರಿಣಿ ಆ ಕೈಯನ್ನು ಆಡಿಸಲಿಲ್ಲ. ನೆಲದ ಮೇಲೆ ಹಾಗೆಯೇ ಬಿಟ್ಟು, ಬಾಗಿಲ ಕಡೆ ನೋಡಿದಳು.

"ಮಾಮ ಬರಲ್ವಾ? ಸಂಜೆಗೆ ನಾನೇ ಕೊಡ್ತೀನಿ ಅಂದಿದ್ರು."

"ಬರಲ್ಲ" ಎಂದೆ. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ತಡ ಆಯ್ತು. ಅವರು ತಗೊಂಡಿದ್ದನ್ನ ನಾನು ವಾಪಸ್ ಕೊಡ್ತೀನಿ. ಆಗಬಹುದಾ?"

ಅವಳು ಸ್ವಲ್ಪ ಯೋಚಿಸಿದಳು. "ಹೆಂಗ್ ಕೊಡ್ಬೇಕು ಗೊತ್ತಾ ನಿಂಗೆ?"

"ಗೊತ್ತಿಲ್ಲ. ಹೇಳು."

"ಇದಕ್ಕೆ ಕೊಡ್ಬೇಕು" ಎಂದು ತನ್ನ ಎಡಗೈಯನ್ನು ಗಲ್ಲದಿಂದ ತೋರಿಸಿದಳು. "ಕೆಲಸ ಮಾಡಿದ್ದು ಇದಲ್ವಾ?"

ನಾನು ಅವಳ ಬಲಗೈಯನ್ನು ನನ್ನ ಎರಡೂ ಕೈಗಳಲ್ಲಿ ಎತ್ತಿಕೊಂಡೆ. ಏನೂ ತೂಕವಿರಲಿಲ್ಲ. ಅದನ್ನು ಹಿಟ್ಟು ಮೆತ್ತಿದ ಎಡ ಅಂಗೈಯ ಮೇಲಿಟ್ಟೆ. ಬೆರಳುಗಳು ಅದರ ಸುತ್ತ ಒಂದೊಂದಾಗಿ ಮುಚ್ಚಿಕೊಂಡವು. ಗೌಡರು ಎಲ್ಲರಿಗಿಂತ ಕೊನೆಗೆ ಬಂದರು.